ಝಡತಿಯ ದಿನ ಸಿಕ್ಕ ತಂಬಿಗೆ

ಮನೆಗೆ ಬಂದವರಿಗೆ ನೀರು ಕೊಡಬೇಡ ಎಂದು ವೀರವ್ವ ಸೊಸೆಗೆ ಹೇಳಿದ್ದು ಅದೇ ಮೊದಲು. ಸುಧಾರಾಣಿ ಆಗಲೇ ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಳು. ಮಾಸೂರಿನ ಹೆಣ್ಣುಮಗಳು ಅವಳು. ಬಾಗಿಲಲ್ಲಿ ಯಾರದೇ ಕಾಲಿನ ಸಪ್ಪಳ ಕೇಳಿದರೂ ಅವಳ ಕೈ ತಾನಾಗಿಯೇ ಒಲೆಯ ಕಡೆ ಹೋಗುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಆರಸು ಅದನ್ನ," ಅಂದಳು ವೀರವ್ವ.

"ಅತ್ತಿ, ನಾಕು ಮಂದಿ ಬಂದಾರ್ರೀ. ಬಿಸಲಾಗ ನಿಂತಾರ."

"ನಾಕು ಮಂದಿ ಬರಲಿ, ನಲವತ್ತು ಮಂದಿ ಬರಲಿ. ಝಡತಿ ಮುಗಿಯೂ ತನಕ ಹನಿ ನೀರೂ ಬ್ಯಾಡ. ನೀ ಅಡಗಿಮನಿ ಬಿಟ್ಟು ಹೊರಗ ಬಾ, ನನ್ನ ಬಾಜೂಕ ನಿಂದ್ರು. ಕಣ್ಣು ಮಾತ್ರ ಅವರ ಕೈ ಮ್ಯಾಲಿರಲಿ."

ಸುಧಾರಾಣಿ ಗ್ಯಾಸು ಆರಿಸಿದಳು. ಆದರೆ ಅತ್ತೆಯ ಮುಖ ನೋಡಿದ ಅವಳಿಗೆ ದಿಗಿಲಾಯಿತು. ಸಂತೆಗೆ ಹೊರಟ ಗುರುತಿಲ್ಲದ ಹೆಂಗಸನ್ನೂ ಕರೆದು ಕಟ್ಟೆಗೆ ಕೂರಿಸಿ ಮಜ್ಜಿಗೆ ಕೊಡುವ ಮುದುಕಿ ಈಕೆ. ಇವತ್ತು ಇವಳಿಗೆ ಏನು ಬಂತು?

ಬಂದದ್ದು ಪೊಲೀಸರು. ಮನೆ ಶೋಧಿಸಲು, ಅಂದರೆ ನಮ್ಮ ಕಡೆಯವರ ಮಾತಿನಲ್ಲಿ ಝಡತಿ ಮಾಡಲು. ವೀರವ್ವನ ಮಗ ರುದ್ರೇಶನದು ಬಂಕಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ರೈತರು ತಂದು ಇಳಿಸುತ್ತಾರೆ, ಈತ ಒಳಗಿನ ಕರಿ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತಾನೆ. ಬೇಸಿಗೆ ಬಂತೆಂದರೆ ಉಣ್ಣಲು ಪುರಸೊತ್ತಿಲ್ಲದಷ್ಟು ಕೆಲಸ. ಈ ಬೇಸಿಗೆಯಲ್ಲಿ ಶಿಗ್ಗಾಂವಿ, ಸವಣೂರು ಕಡೆಯ ಹೊಲಗಳಲ್ಲಿ ಬೋರ್‌ವೆಲ್ಲಿನ ಕೇಬಲ್ ಕತ್ತರಿಸಿ ಒಯ್ಯುವ ಹಾವಳಿ ಎದ್ದಿತ್ತು. ಒಳಗಿನ ತಾಮ್ರಕ್ಕೆ ಬೆಲೆ, ಅದಕ್ಕೆ. ಕಡೆಗೆ ಒಬ್ಬ ಸಿಕ್ಕಿಬಿದ್ದ. ಮಾಲು ಎಲ್ಲಿಗೆ ಹಾಕಿದೆ ಅಂದರೆ "ಬಂಕಾಪುರದಾಗ ಒಂದು ರಿವೈಂಡಿಂಗ್ ಅಂಗಡಿಗೆ" ಅಂದನಂತೆ. ಯಾವ ಅಂಗಡಿ? ನೆನಪಿಲ್ಲವಂತೆ. ಹಾಳಾದವನಿಗೆ ಕದ್ದದ್ದು ನೆನಪಿದೆ, ಮಾರಿದ್ದು ನೆನಪಿಲ್ಲ!

ಹಿಂದಿನ ದಿನ ಠಾಣೆಯಿಂದ ಫೋನು ಬಂದಿತ್ತು, ಗಂಡ ಹೆಂಡತಿ ಇಬ್ಬರೂ ಬರಬೇಕು ಅಂತ. ರುದ್ರೇಶ ಹೋದ, ಕೇಳಿದ್ದಕ್ಕೆ ಉತ್ತರ ಕೊಟ್ಟು ಬಂದ. ಸೊಸೆಯನ್ನು ಮಾತ್ರ ವೀರವ್ವ ಕಳಿಸಲಿಲ್ಲ. "ಹೆಣಮಕ್ಕಳಿಗೆ ಏನ ಕೇಳೂದಿದ್ರೂ ಮನೀಗೇ ಬಂದು ಕೇಳಬೇಕಂತ ಕಾಯ್ದೆ ಐತಿ. ಬರ್ರಿ, ಬಾಗಲಾ ತಗದೇ ಇರ್ತೈತಿ," ಎಂದು ಫೋನಿನಲ್ಲಿ ತಾನೇ ಹೇಳಿದ್ದಳು. ಇದು ಅವಳ ಸ್ವಂತದ್ದಲ್ಲ. ಸಂಘದ ಹೆಂಗಸರಿಗೆಂದು ಶಿಗ್ಗಾಂವಿಯಲ್ಲಿ ಕಾನೂನು ಶಿಬಿರ ನಡೆದಾಗ ಎಲ್ಲರೂ ಊಟದ ಚೀಟಿಗೆ ಕಾಯುತ್ತಿದ್ದರೆ ವೀರವ್ವ ಮುಂದಿನ ಕುರ್ಚಿಯಲ್ಲಿ ಕೂತು ವಕೀಲಬಾಯಿ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆ ಶಿಬಿರಕ್ಕೆ ಅವಳು ಹೋದದ್ದೇ ಒಂದು ಹಳೆಯ ನೋವಿನಿಂದ. ಅದನ್ನು ಮುಂದೆ ಹೇಳುತ್ತೇನೆ, ಅವಸರ ಬೇಡ.

ಈಗ ಹೊಸ್ತಿಲಿನ ಆಚೆ ನಿಂತಿದ್ದವರು ಪಿಎಸ್ಐ ರಾಜಶ್ರೀ, ಪೇದೆ ಫಕ್ಕೀರೇಶ, ಫೋನು ಹಿಡಿದುಕೊಂಡ ಒಬ್ಬ ಮಹಿಳಾ ಪೇದೆ, ಮತ್ತೆ ಬಾಯಿತುಂಬ ಎಲೆ ಹಾಕಿಕೊಂಡ ಒಬ್ಬ ಗಂಡಸು. ರಾಜಶ್ರೀ ಸಣ್ಣ ವಯಸ್ಸಿನವರು, ಬಂದು ಬಹಳ ದಿನವಾಗಿರಲಿಲ್ಲ. ಮುಖದಲ್ಲಿ ಬಿಸಿಲಿನ ಬೆವರು, ದನಿಯಲ್ಲಿ ಮಾತ್ರ ಅವಸರವಿರಲಿಲ್ಲ.

"ಅವ್ವಾರ, ಮನಿ ಝಡತಿ ಮಾಡಬೇಕಾಗೇತ್ರಿ."

"ಮಾಡ್ರಿ ಮೇಡಂ. ಯಾಕ ಅಂತ ಬರದದ್ದು ಇರ್ತೈತೆಲ್ಲ, ಅದನ್ನ ಮೊದಲ ನನ್ನ ಮಗಗ ತೋರಸ್ರಿ."

ರಾಜಶ್ರೀ ಕಾಗದ ಕೊಟ್ಟರು. ರುದ್ರೇಶ ಗಟ್ಟಿಯಾಗಿ ಓದಿದ. ಅವನ ದನಿ ನಡುಗುತ್ತಿತ್ತು. ನಡುಗದೆ ಏನು ಮಾಡುತ್ತದೆ? ಮನೆಯಲ್ಲಿ ಆ ಕೇಬಲ್ಲಿನ ಒಂದು ತುಂಡು ಸಿಕ್ಕರೂ ಅವನು ಒಳಗೆ ಹೋಗುತ್ತಾನೆ, ಅಂಗಡಿಯ ಶೆಟರು ಕೆಳಗೆ ಬೀಳುತ್ತದೆ, ಆಮೇಲೆ ಯಾವ ರೈತ ತನ್ನ ಮೋಟಾರು ತಂದು ಇವನ ಮುಂದೆ ಇಳಿಸುತ್ತಾನೆ? ತಾನು ಕದ್ದಮಾಲು ಮುಟ್ಟಿಲ್ಲವೆಂಬುದು ಅವನಿಗೆ ಗೊತ್ತು, ತಾಯಿಗೂ ಗೊತ್ತು. ಆದರೆ ಮುಟ್ಟದವನ ಮನೆಯಲ್ಲೂ ಮಾಲು ಸಿಗಬಹುದು. ಅದು ವೀರವ್ವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

"ಈ ಯಪ್ಪ ಯಾರ್ರೀ?" ಎಲೆ ಹಾಕಿದವನ ಕಡೆ ಬೆರಳು ಮಾಡಿದಳು.

"ಪಂಚರು. ಸಾಕ್ಷಿಗೆ."

"ಇವರು ನಮ್ಮ ಓಣ್ಯಾಗ ಇವತ್ತೇ ಕಾಲಿಟ್ಟಾರ. ನಮ್ಮ ಮನ್ಯಾಗ ಏನೈತಿ ಏನಿಲ್ಲ ಇವರಿಗೇನ ಗೊತ್ತು? ಸಾಕ್ಷಿ ಓಣಿಯವರು ಇರಲಿ ಮೇಡಂ."

ರಾಜಶ್ರೀ ಒಪ್ಪಿ ಎಲೆಯವನನ್ನು ಜೀಪಿನ ಕಡೆ ಕಳಿಸಿದರು. ಎದುರು ಮನೆಯ ಉಳಿವೆಪ್ಪನನ್ನು ಕೂಗಿದರೆ ಅವನು ಕಟ್ಟೆಯ ಮೇಲೆಯೇ ಕೂತು ತಲೆ ಕೆರೆದುಕೊಂಡ. "ಸಾಕ್ಷಿ ಅಂದ್ರ ನಾಳೆ ಕೋರ್ಟಿಗೆ ಅಡ್ಡಾಡಬೇಕು ನೋಡ ವೀರವ್ವ. ನನ್ನ ಮೊಣಕಾಲು..." ಅಷ್ಟರಲ್ಲಿ ಪಕ್ಕದ ಮನೆಯ ನುಜಹತ ರೊಟ್ಟಿಯ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದೇಬಿಟ್ಟಳು. "ನಾ ನಿಂದ್ರತೇನಿ ವೀರವ್ವಕ್ಕ. ನಾವು ಸವಣೂರಿನವರು, ನೋಡಿದ್ದು ನೋಡಿದಂಗ ಹೇಳ್ತೇವಿ." ಅವಳು ಬಂದ ಮೇಲೆ ಉಳಿವೆಪ್ಪ ಕೂತಿರುವುದು ಹೇಗೆ? ಮೊಣಕಾಲು ಹಿಡಿದುಕೊಂಡು ಅವನೂ ಎದ್ದ.

ವೀರವ್ವ ಇನ್ನೂ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಮುಂದಿನ ಮಾತು ಆಡಲು ಅವಳಿಗೇ ಸಂಕಟ. ಆದರೂ ಆಡಿದಳು.

"ಒಳಗ ಬರೂಕಿಂತ ಮೊದಲ ನಿಮ್ಮ ಕಿಸೆ, ಚೀಲ ಎಲ್ಲಾ ಇವರಿಬ್ಬರಿಗೆ ತೋರಸ್ರಿ."

ಫಕ್ಕೀರೇಶನ ಮುಖ ಕೆಂಪಾಯಿತು. ಕಪ್ಪು ಮೀಸೆಯ ಗಟ್ಟಿ ಆಳು ಅವನು, ತುಟಿ ಬಿಗಿಹಿಡಿದು ಮೇಡಮ್ಮನ ಕಡೆ ನೋಡಿದ. ರಾಜಶ್ರೀ "ಕೇಳೂದರಾಗ ತಪ್ಪಿಲ್ಲ. ತೋರಸ್ರಿ," ಎಂದು ತಾವೇ ಮೊದಲು ಕಿಸೆ ಹೊರಗೆಳೆದರು. ಹೆಂಗಸರದನ್ನು ನುಜಹತ ನೋಡಿದಳು, ಫಕ್ಕೀರೇಶನದನ್ನು ಉಳಿವೆಪ್ಪ. ಒಂದು ಕರವಸ್ತ್ರ, ಬೈಕಿನ ಕೀಲಿ, ತಲೆನೋವಿನ ಗುಳಿಗೆ. ಅಷ್ಟೇ.

"ಈಗ ಬರ್ರಿ," ಅಂದು ವೀರವ್ವ ದಾರಿ ಬಿಟ್ಟಳು. "ಕುಂದರ್ರಿ" ಅನ್ನುವ ಮಾತು ಬಾಯಿಯ ತುದಿಗೆ ಬಂದದ್ದನ್ನು ಒಳಗೇ ನುಂಗಿದಳು.

ಝಡತಿ ಶುರುವಾಯಿತು. ಮಹಿಳಾ ಪೇದೆ ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದಳು. ರಾಜಶ್ರೀ ಒಂದೊಂದೇ ಕೋಣೆ ಹಿಡಿದರು. ದೇವರ ಜಗಲಿಯ ಮುಂದೆ ಬಂದಾಗ ವೀರವ್ವ ಬಾಯಿ ತೆರೆಯುವುದರೊಳಗೆ ತಾವೇ ಬೂಟು ಬಿಚ್ಚಿಟ್ಟರು. ಅದನ್ನು ನೋಡಿ ಮುದುಕಿಯ ಜೀವ ಸ್ವಲ್ಪ ತಂಪಾಯಿತು. ಆದರೆ ಬೆನ್ನು ಬಿಡಲಿಲ್ಲ. ಅವರು ಹೋದಲ್ಲೆಲ್ಲ ಈಕೆ, ಈಕೆಯ ಹಿಂದೆ ನುಜಹತ, ಅವಳ ಹಿಂದೆ ಮೊಣಕಾಲಿನ ಉಳಿವೆಪ್ಪ. ಮದುವೆ ಮನೆಯಲ್ಲಿ ಬೀಗರ ಹಿಂದೆ ತಿರುಗುವಂತೆ ಎಲ್ಲರೂ ತಿರುಗಿದರು.

ಮನೆಯ ಸಾಮಾನು ಪರರ ಕೈಯಿಂದ ಹೊರಗೆ ಬರುವುದನ್ನು ನೋಡಿದ್ದೀರಾ? ತಾನೇ ಇಟ್ಟದ್ದಾದರೂ ಬೇರೆಯಾಗಿ ಕಾಣುತ್ತದೆ. ಅಟ್ಟದಿಂದ ರುದ್ರೇಶನ ತೊಟ್ಟಿಲ ಹಲಗೆ ಬಂತು. ಬಣ್ಣ ಹೋದ ಗಿಳಿಯ ಕೊಕ್ಕನ್ನು ಅವನು ಹಲ್ಲು ಬರುವಾಗ ಕಚ್ಚಿದ ಗುರುತು ಹಾಗೇ ಇತ್ತು. ವೀರವ್ವನ ಗಂಡನ ಛತ್ರಿ ಬಂತು. ಅವನು ಹೋಗಿ ಎಷ್ಟೋ ವರ್ಷವಾದರೂ ಛತ್ರಿಯ ಹಿಡಿಕೆಯಲ್ಲಿ ಅವನ ಅಂಗೈಯ ಎಣ್ಣೆ ಇನ್ನೂ ಮಿಂಚುತ್ತಿತ್ತು. ಕಣ್ಣು ಒದ್ದೆಯಾಯಿತು, ಆದರೆ ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳುವಷ್ಟರಲ್ಲಿ ಏನಾದರೂ ಆದರೆ?

ಕಡೆಗೆ ಅವಳ ಮದುವೆಯ ಟ್ರಂಕು. ಮೇಲೆ ಕೌದಿ. ಅವ್ವನ ಸೀರೆ, ಚಿಗವ್ವನ ಸೀರೆ, ತನ್ನ ಲಂಗದ ಚೂರು, ಎಲ್ಲ ಕೂಡಿಸಿ ಹೊಲಿದದ್ದು. ಅದರ ಕೆಳಗೆ ಬಿಳಿ ಧೋತರದಲ್ಲಿ ಸುತ್ತಿದ ಗುಂಡನೆಯ ಗಂಟು. ಎತ್ತಿದರೆ ಭಾರ.

"ಏನೈತ್ರಿ ಇದರಾಗ?" ರಾಜಶ್ರೀ ಕೇಳಿದರು.

ಕೇಳುತ್ತಲೇ ಧೋತರ ಬಿಚ್ಚಿದರು. ಒಳಗೆ ಹಸಿರುಗಟ್ಟಿದ ಒಂದು ತಂಬಿಗೆ.

"ಮೇಡಂ, ತಾಮ್ರ!" ಅಂದಳು ಫೋನು ಹಿಡಿದ ಹುಡುಗಿ.

ಉಳಿವೆಪ್ಪ ಹೋ ಎಂದು ನಕ್ಕುಬಿಟ್ಟ. "ಹಿಡಕೊಂಡು ನಡೀರಿ, ಕೇಸ್ ಮುಗೀತು!" ರಾಜಶ್ರೀಗೂ ನಗು ತಡೆಯಲಾಗಲಿಲ್ಲ. ವೀರವ್ವ ಮಾತ್ರ ತಂಬಿಗೆ ಕೈಗೆ ತೆಗೆದುಕೊಂಡು ಟ್ರಂಕಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

"ಇದು ನಮ್ಮಪ್ಪಂದು ಮೇಡಂ," ಅಂದಳು. "ನಿಮಗ ನೀರು ಕೊಡದ ನಿಲ್ಲಿಸೇನೆಲ್ಲ, ಅದು ಇದರ ಸಂಬಂಧ."

ಅವಳ ತವರು ಹಾನಗಲ್ಲ ತಾಲ್ಲೂಕಿನಲ್ಲಿ, ಆಡೂರಿನಿಂದ ಆಚೆ. ಅಪ್ಪ ಶಂಕ್ರಪ್ಪ, ಮೂರು ಬೆರಳು ವಿಭೂತಿ ಹಚ್ಚದೆ ಹೊಸ್ತಿಲು ದಾಟದ ಮನುಷ್ಯ. ಹಗಲು ಹೊತ್ತು ಆ ಮನೆಯ ಬಾಗಿಲು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಕಟ್ಟೆ ಹತ್ತಿದವರ ಕೈಗೆ ಮೊದಲು ಈ ತಂಬಿಗೆ, ಜೊತೆಗೆ ಬೆಲ್ಲದ ತುಣುಕು. ನೀವು ಯಾರು, ಯಾಕೆ ಬಂದಿರಿ ಎಂಬ ಮಾತೆಲ್ಲ ಆಮೇಲೆ. ಆಗ ಈ ಕಡೆ ಪಾನನಿಷೇಧವಿದ್ದ ಕಾಲ. ವೀರವ್ವ ಇನ್ನೂ ಜಡೆಗೆ ರಿಬ್ಬನ್ ಕಟ್ಟುವ ಹುಡುಗಿ. ಒಂದು ಮುಂಜಾನೆ ಪೊಲೀಸರು ಬಂದರು, ಶಂಕ್ರಪ್ಪನ ಮನೆಯಲ್ಲಿ ಕಳ್ಳಬಟ್ಟಿ ಸೆರೆ ಇದೆಯೆಂದು ಯಾರೋ ಹೇಳಿದ್ದಾರೆಂದು. ಅವರ ಸಂಗಡ ಶಂಕ್ರಪ್ಪನ ಜೊತೆ ಹೊಲದ ಬದುವಿಗಾಗಿ ಜಗಳವಾಡಿದ್ದ ಮನುಷ್ಯನೊಬ್ಬನೂ ಬಂದಿದ್ದ.

ಶಂಕ್ರಪ್ಪ ಏನು ಮಾಡಿದ? "ಬರ್ರಿ, ಕುಂದರ್ರಿ, ಬಿಸಲಾಗ ಬಂದೀರಿ" ಅಂದ. ತಂಬಿಗೆ ಕೊಟ್ಟ. ಉಪ್ಪಿಟ್ಟಿಗೆ ಹೇಳಿ ತಾನೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಂಗಸರನ್ನು ಅವಸರ ಮಾಡಿದ. ಬಂದವರ ತಲೆಯ ಮೇಲೆ ನಿಂತು ಅವರ ಕೈ ನೋಡುತ್ತ ಇರುವುದು ಅವನ ಲೆಕ್ಕದಲ್ಲಿ ಮರ್ಯಾದೆಗೇಡು. ಮಾವಿನಕಾಯಿ ಹಾಕಿದ ಉಪ್ಪಿಟ್ಟು ತಾಟಿಗೆ ಬೀಳುವ ಹೊತ್ತಿಗೆ ಹಿತ್ತಲ ಮೇವಿನ ಬಣವೆಯಿಂದ ಬಾಟಲಿಗಳು ಹೊರಗೆ ಬಂದಿದ್ದವು. ಯಾರು ಇಟ್ಟರು? ಯಾರು ನೋಡಿದರು? ಮನೆಯವರೆಲ್ಲ ಅಡಿಗೆಮನೆಯಲ್ಲಿದ್ದರು!

"ಲಿಂಗ ಕಟ್ಟಿಕೊಂಡ ಮನ್ಯಾಗ ಸೆರೆ ಸಿಕ್ಕಿತಂತ ಊರ ತುಂಬ ಆತು ಮೇಡಂ. ನಮ್ಮಪ್ಪ ಒಂದ ದಿನಕ್ಕ ಮುದುಕ ಆದ."

ಮೇಲೆ ಕೇಸು. ಹಾನಗಲ್ಲ ಕೋರ್ಟಿಗೆ ತಾರೀಖಿನ ಮೇಲೆ ತಾರೀಖು. ಶಂಕ್ರಪ್ಪ ಪ್ರತಿ ಸಲವೂ ಮಗಳನ್ನು ಕರೆದುಕೊಂಡು ಹೋಗುತ್ತಿದ್ದ. ಯಾಕೆಂದರೆ ಮಗು ಜೊತೆಗಿದ್ದರೆ ಬಸ್ಸಿನಲ್ಲಿ ಯಾರೂ "ಎಲ್ಲಿಗೆ ಹೊಂಟೀರಿ" ಎಂದು ಕಣ್ಣು ಕಿರಿದು ಮಾಡಿ ಕೇಳುವುದಿಲ್ಲ. ಕೂಸಿಗೆ ಔಷಧ ಕೊಡಿಸಲು ಹೊರಟಿರಬೇಕು ಅಂದುಕೊಳ್ಳುತ್ತಾರೆ. ಇದು ಅವಳಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅವಳಿಗೆ ಗೊತ್ತಿದ್ದದ್ದು ಬಸ್ಸಿನ ಕಿಟಕಿ, ಅಪ್ಪನ ಟವಲಿನಲ್ಲಿ ಕಟ್ಟಿದ ಮಂಡಕ್ಕಿ, ತಾರಕೇಶ್ವರ ಗುಡಿಯ ತಂಪು ಕಲ್ಲಿನ ಮೇಲೆ ಅಂಗಾತ ಮಲಗಿ ನೋಡಿದ ಚಾವಣಿಯ ದೊಡ್ಡ ಕಮಲ. ಮಾವಿನ ಕಾಲವಾದರೆ ಸಂತೆಯಲ್ಲಿ ಹಣ್ಣು. ಅಪ್ಪ ಹಣ್ಣನ್ನು ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಅವಳ ಬಾಯಿಗಿಡುತ್ತಿದ್ದ. ಊರಿನಲ್ಲಿ ಐದು ಮಕ್ಕಳ ನಡುವೆ ಇವಳು ಒಬ್ಬಳು. ಹಾನಗಲ್ಲಿನಲ್ಲಿ ಅಪ್ಪ ಇಡಿಯಾಗಿ ಇವಳೊಬ್ಬಳಿಗೇ. ಅಷ್ಟು ಸುಖ ಅವಳು ಆಮೇಲೆ ಕಂಡದ್ದು ಕಡಿಮೆ, ಸುಳ್ಳು ಯಾಕೆ ಹೇಳಬೇಕು.

ವಕೀಲರು ಒಂದು ದಿನ ಅಪ್ಪನ ಮೇಲೆ ಸಿಟ್ಟಾದರು. "ಉಪ್ಪಿಟ್ಟು ಮಾಡಸ್ತಿದ್ದೆಂತ! ಮೊದಲ ಅವರ ಕಿಸೆ ನೋಡಬೇಕಿತ್ತು. ಓಣಿಯವರನ್ನ ಕರೀಬೇಕಿತ್ತು. ಅವರು ಹೆಜ್ಜಿ ಇಟ್ಟಲ್ಲಿ ನೀ ಹೆಜ್ಜಿ ಇಡಬೇಕಿತ್ತು. ಬರದದ್ದು ಓದಿ, ಒಂದು ನಕಲು ಇಸಗೋಬೇಕಿತ್ತು." ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಅದನ್ನೇ ಬಾಯಲ್ಲಿ ಗುಣುಗುಟ್ಟುತ್ತ ಕೂತ. ಇವಳು ಮಗ್ಗಿ ಕಲಿತಂತೆ ಕಲಿತುಬಿಟ್ಟಳು.

"ಕಡೀಕ ಕೇಸ್ ಬಿಟ್ಟು ಹೋತ್ರಿ, ನಮ್ಮಪ್ಪಂದು ತಪ್ಪಿಲ್ಲಂತ. ಅವತ್ತು ಗುಡಿ ಕಟ್ಟಿಮ್ಯಾಲ ಕುಂತು ಮಂಡಕ್ಕಿ ತಿನ್ನಾಕತ್ತಿದ್ವಿ. ಇನ್ನ ತಾರೀಖಿಲ್ಲವಾ ವೀರಿ ಅಂದ. ನಾ ಗೊಳೋ ಅಂತ ಅತ್ತೆ. ಹಂಗಾರ ಇನ್ನ ಹಾನಗಲ್ಲಿಗೆ ಬರೂದಿಲ್ಲೇನಪ್ಪ ಅಂದೆ. ನಮ್ಮಪ್ಪ ನನ್ನ ಮಾರಿ ನೋಡಿದ, ನಗಾಕತ್ತಿದ. ನಕ್ಕೋಂತನ ಅಳಾಕತ್ತಿದ. ಕೇಸ್ ನಡದಷ್ಟು ದಿನ ಒಮ್ಮಿನೂ ಅತ್ತಿದ್ದಿಲ್ಲ ನೋಡ್ರಿ."

ರಾಜಶ್ರೀ ಮೊಣಕಾಲೂರಿ ಅವಳ ಮುಂದೆ ಕೂತಿದ್ದರು. ಹುಡುಗಿಯ ಕೈಯ ಫೋನು ಕೆಳಗಿಳಿದಿತ್ತು. ನುಜಹತ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಊರಿಗೆ ಬಂದು ಈ ತಂಬಿಗಿನ್ನ ಧೋತರದಾಗ ಸುತ್ತಿ ಇಟ್ಟ. ಇನ್ನೊಮ್ಮೆ ಯಾರ ಕೈಗೂ ಕೊಡಲಿಲ್ಲ. ಹಗಲೊತ್ತಿನ್ಯಾಗೂ ಬಾಗಲಾ ಮುಚ್ಚಿಸಿದ. ನನ್ನ ಲಗ್ನದಾಗ..."

ಅಲ್ಲಿಗೆ ಅವಳ ಮಾತು ನಿಂತಿತು. ತಲೆ ಎತ್ತಿ ಒಬ್ಬೊಬ್ಬರ ಮುಖ ನೋಡಿದಳು. ಮೇಡಂ, ಹುಡುಗಿ, ನುಜಹತ, ಉಳಿವೆಪ್ಪ, ಮಗ, ಸೊಸೆ.

ಫಕ್ಕೀರೇಶ ಇರಲಿಲ್ಲ.

ಅಯ್ಯೋ ಶಿವನೇ! ಅಪ್ಪ ಉಪ್ಪಿಟ್ಟು ಮಾಡಿಸುತ್ತ ನಿಂತ, ನಾನು ಅಪ್ಪನ ಕಥೆ ಹೇಳುತ್ತ ಕೂತೆ. ಕಣ್ಣು ಅವರ ಕೈ ಮೇಲಿರಲಿ ಎಂದು ಸೊಸೆಗೆ ಹೇಳಿ ನನ್ನ ಕಣ್ಣನ್ನೇ ಹಾನಗಲ್ಲಿಗೆ ಕಳಿಸಿಬಿಟ್ಟೆ. ಹಿತ್ತಲಲ್ಲಿ ತಗಡಿನ ಶೆಡ್ಡು ಇದೆ, ರುದ್ರೇಶ ಅಂಗಡಿಯಿಂದ ತಂದ ಹಳೇ ಮೋಟಾರುಗಳೆಲ್ಲ ಅಲ್ಲಿವೆ. ಅಲ್ಲಿಗೆ ಇನ್ನೂ ಯಾರೂ ಹೋಗಿರಲಿಲ್ಲ.

"ಆ ಪೊಲೀಸಪ್ಪ ಎಲ್ಲಿ?" ಎದ್ದು ನಿಂತು ಚೀರಿದಳು. "ಯಾರೂ ಅಲುಗಾಡಬ್ಯಾಡ್ರಿ! ಎಲ್ಲಿ ಹೋದ ಅಂವ?"

ಹಿತ್ತಲ ಬಾಗಿಲಿನಿಂದ ಫಕ್ಕೀರೇಶ ಒಳಗೆ ಬಂದ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಅಲ್ಲೇ ನಿಂತ. ಕೈ ಒದ್ದೆ, ಮೀಸೆ ಒದ್ದೆ, ಅಂಗಿಯ ಎದೆಯ ಮೇಲೆ ನೀರಿನ ಕಲೆ.

"ಎಲ್ಲಿಗಿ ಹೋಗಿದ್ರಿ?"

"ಹಿತ್ತಲಕ, ನಳದ ಕಡೆ ಹೋಗಿದ್ದೆ ಅವ್ವಾರ. ನೀರಡಿಕಿ ಆಗಿತ್ರಿ."

"ಹೇಳಿ ಹೋಗಬೇಕಿಲ್ಲೇನ್ರಿ? ಒಬ್ಬರ ಯಾಕ ಹೋದ್ರಿ? ತೋರಸ್ರಿ ಕಿಸೆ. ಉಳಿವೆಪ್ಪಣ್ಣ, ಮತ್ತ ನೋಡು. ಶೆಡ್ಡಿನ ಕೀಲಿ ನೋಡು. ಸುತ್ತ ಎಲ್ಲಾ ನೋಡು."

ಫಕ್ಕೀರೇಶ ಕಿಸೆ ಹೊರಗೆಳೆದ. ಅದೇ ಕರವಸ್ತ್ರ, ಅದೇ ಕೀಲಿ, ಅದೇ ಗುಳಿಗೆ. ರಾಜಶ್ರೀ ಅವನ ಮೇಲೆ ಸಿಟ್ಟಾದರು. "ನನಗ ಹೇಳದ ಅಲ್ಲಾಡಬಾರದು ಅಂತ ಹೇಳಿದ್ದಿಲ್ಲೇನ್ರಿ? ಅವ್ವಾರು ಕೇಳೂದು ಬರೊಬ್ಬರಿ ಐತಿ." ಉಳಿವೆಪ್ಪ, ನುಜಹತ ಹಿತ್ತಲಿಗೆ ಹೋಗಿ ನೋಡಿ ಬಂದರು. ಶೆಡ್ಡಿನ ಕೀಲಿ ಹಾಕಿದ್ದು ಹಾಕಿದ ಹಾಗೇ ಇತ್ತು, ಅದರ ಕೀಲಿಕೈ ರುದ್ರೇಶನ ಸೊಂಟದಲ್ಲಿತ್ತು. ಧೂಳಿನಲ್ಲಿ ಬೂಟಿನ ಹೊಸ ಗುರುತು ಬಾಗಿಲಿನಿಂದ ಎಮ್ಮೆಗೆ ನೀರು ಕುಡಿಸುವ ಕಲ್ಲುದೋಣಿಯ ಮೇಲಿನ ನಳದ ತನಕ ಇತ್ತು, ತಿರುಗಿ ಅಲ್ಲಿಂದ ಬಾಗಿಲಿಗೆ. ಶೆಡ್ಡಿನ ಕಡೆ ಒಂದೂ ಇರಲಿಲ್ಲ.

"ಬರೇ ನೀರು ಕುಡದಾನ ವೀರವ್ವಕ್ಕ," ಅಂದಳು ನುಜಹತ ಮೆಲ್ಲಗೆ. "ಎಮ್ಮಿ ದೋಣ್ಯಾಗಿನ ನಳಕ ಬಾಯಿ ಹಚ್ಚಿ."

ತಂಬಿಗೆ ಇನ್ನೂ ವೀರವ್ವನ ಕೈಯಲ್ಲೇ ಇತ್ತು.

ಆಮೇಲೆ ಎಲ್ಲರೂ ಕೂಡಿ ಶೆಡ್ಡಿಗೆ ಹೋದರು. ರುದ್ರೇಶ ಕೀಲಿ ತೆಗೆದ. ಮೋಟಾರುಗಳ ಹಿಂದೆ ಒಂದು ಗೋಣಿಚೀಲ, ಅದರ ತುಂಬ ತಂತಿ. ರಾಜಶ್ರೀ ಚೀಲವನ್ನು ಬಿಸಿಲಿಗೆ ಸುರುವಿಸಿದರು. ಸುಟ್ಟು ಕರ್ರಗಾದ ಸುರುಳಿಗಳು, ಕೂದಲೆಳೆಯಂಥ ಸಣ್ಣ ತಂತಿ, ಮೋಟಾರಿನ ಹೊಟ್ಟೆಯಿಂದ ಕಿತ್ತದ್ದು. ಬೋರ್‌ವೆಲ್ಲಿಗೆ ಇಳಿಬಿಡುವ ದಪ್ಪ ಕೇಬಲ್ಲಿನ ಒಂದು ಚೂರೂ ಅದರಲ್ಲಿರಲಿಲ್ಲ. ನೋಡಿದ ಯಾರಿಗಾದರೂ ತಿಳಿಯುವಂತಿತ್ತು. ಆದರೂ ಪಂಚನಾಮೆ ಬರೆಯುವಾಗ ಹುಡುಗಿ "ತಾಮ್ರದ ತಂತಿ ಒಂದು ಚೀಲ" ಎಂದು ಶುರುಮಾಡಿದಳು.

"ಹಂಗ ಬ್ಯಾಡವಾ," ಅಂದಳು ವೀರವ್ವ. "ಕಣ್ಣಿಗೆ ಕಂಡದ್ದು ಕಂಡಂಗ ಬರಿ."

"ಮೋಟಾರಿನ ಸುಟ್ಟ ಹಳೇ ವೈಂಡಿಂಗ್ ಅಂತ ಬರಿ," ಅಂದರು ರಾಜಶ್ರೀ. "ಕದ್ದ ಕೇಬಲ್ ಸಿಗಲಿಲ್ಲ, ಏನೂ ಜಪ್ತಿ ಮಾಡಿಲ್ಲ ಅಂತನೂ ಬರಿ." ಸುಧಾರಾಣಿಗೆ ಕೇಳುವುದನ್ನು ಅಲ್ಲೇ ಪಡಸಾಲೆಯಲ್ಲಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ ಮುಗಿಸಿದರು. ನುಜಹತ ಪಂಚನಾಮೆಯನ್ನು ಮೊದಲಿನಿಂದ ಕಡೆಯ ತನಕ ಓದಿಸಿ ಸಹಿ ಹಾಕಿದಳು. ಉಳಿವೆಪ್ಪನೂ ಹಾಕಿದ. ಒಂದು ನಕಲು ರುದ್ರೇಶನ ಕೈಗೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಉಸಿರು ಬಿಟ್ಟ. ಮನೆ ಉಳಿಯಿತು. ಹೆಸರೂ ಉಳಿಯಿತು. ತನ್ನ ಅಪ್ಪನಿಗೆ ಸಿಗದೆ ಹೋದದ್ದು ಮಗನಿಗೆ ಸಿಕ್ಕಿತು ಎಂದುಕೊಂಡಳು ವೀರವ್ವ.

"ಈಗ ಚಹಾ ಇಡು," ಅಂದಳು ಸೊಸೆಗೆ. "ಎಲ್ಲಾರಿಗೂ."

ತಾನು ಬಚ್ಚಲಿಗೆ ಹೋಗಿ ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕಿದಳು. ಹಸಿರು ಹೋಗಿ ಕೆಂಪು ಬಂತು. ಹೊಸ ಕೊಡದಿಂದ ನೀರು ತುಂಬಿಕೊಂಡು, ತಾಟಿನಲ್ಲಿ ಬೆಲ್ಲ ಹಿಡಿದು ಹೊರಗೆ ಬಂದಳು. ಫಕ್ಕೀರೇಶ ಕಟ್ಟೆಯ ಮೇಲೂ ಕೂರದೆ ಜೀಪಿನ ನೆರಳಿನಲ್ಲಿ ನಿಂತಿದ್ದ.

"ಬರ್ರಿ ಇಲ್ಲೆ. ಕುಂದರ್ರಿ."

"ಬ್ಯಾಡ ಅವ್ವಾರ. ನಳದಾಗ ಕುಡದೇನ್ರಿ."

"ಅದನ್ನ ಕೇಳಾಕ ಬಂದೇನಿ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ರ ನಾ ಇಲ್ಲ ಅಂತಿದ್ನೇನು? ಎಮ್ಮಿ ನಳಕ ಯಾಕ ಹೋದ್ರಿ?"

ಅವನು ಮೇಡಮ್ಮನ ಕಡೆ ನೋಡಿದ. ರಾಜಶ್ರೀ ಬೇರೆ ಕಡೆ ಮುಖ ತಿರುಗಿಸಿದ್ದರು, ಉತ್ತರ ಅವರಿಗೆ ಮೊದಲೇ ಗೊತ್ತಿದ್ದಂತೆ.

"ನಮ್ಮಪ್ಪ ಮಂಜಪ್ಪ ಅಂತ್ರಿ. ಇಂಥಾ ದೊಡ್ಡ ಮನಿಗೋಳ ಹಿತ್ತಲದಾಗ ಕಟಗಿ ಒಡ್ಯಾಕ ಬರ್ತಿದ್ದ. ನಾನೂ ಸಂಗಡ ಬರ್ತಿದ್ದೆ. ನೀರಡಿಕಿ ಆದ್ರ ಯಾರನ್ನೂ ಕೇಳಬ್ಯಾಡ, ದನದ ದೋಣಿ ನೋಡಿಕೋ ಅಂತ ಹೇಳಿದ್ದ. ಇವತ್ತು ನೀವು ನಮಗ ನೀರು ಕೊಡಬ್ಯಾಡ ಅಂದದ್ದು ಕೇಳಸ್ತ್ರಿ. ಹೊಸ್ತಿಲದಾಗ ನಿಂತಿದ್ದೆ. ನಾ ಯಾವ ಮಂದಿಯಂವ ಅಂತ ನಿಮಗ ಗೊತ್ತಾಗಿರಬೇಕು ಅಂತ ತಿಳಕೊಂಡೆ. ಹೊಸಾದೇನಲ್ರಿ."

ಕಾಯ್ದೆಯ ಪ್ರಕಾರ ನಡೆದೆ ಎಂದು ವೀರವ್ವ ಬೀಗುತ್ತಿದ್ದಳು. ಕಿಸೆ ನೋಡಿದ್ದು ತಪ್ಪಲ್ಲ, ನೋಡಲೇಬೇಕಿತ್ತು, ನಾಳೆ ಮತ್ತೆ ಬಂದರೂ ನೋಡುತ್ತಾಳೆ. ಆದರೆ ಕೊಡದ ನೀರು ಈ ಮನುಷ್ಯನಿಗೆ ಬೇರೆಯೇ ಮಾತು ಹೇಳಿತ್ತು. ಇನ್ನೂ ಒಂದು ನೆನಪು ಬಂತು, ಟ್ರಂಕಿನಲ್ಲಿ ಇಲ್ಲದ್ದು, ಇಷ್ಟು ವರ್ಷ ಯಾರಿಗೂ ಹೇಳದ್ದು. ಅಪ್ಪನ ತಂಬಿಗೆ ಮುಂದಿನ ಕಟ್ಟೆಗೆ ಬಂದವರಿಗೆ. ಹಿತ್ತಲಿಗೆ ಬಂದವರಿಗೆ ಅವ್ವ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದಳು. "ನಮ್ಮಪ್ಪ ಬಂದವರಿಗೆಲ್ಲಾ ನೀರು ಕೊಡತಿದ್ದ" ಎಂದು ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದಳೋ! ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

"ಮ್ಯಾಲ ಬಾರಪಾ," ಅಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಗಿತ್ತು. "ನೀ ತಿಳಕೊಂಡಂಗಲ್ಲ. ಆದ್ರ ನೀ ಹಂಗ ತಿಳಕೊಂಡದ್ದು ನಿನ್ನ ತಪ್ಪಲ್ಲ. ಬಾ, ಕುಂದರು."

ಫಕ್ಕೀರೇಶ ಬಂದು ಕಟ್ಟೆಯ ತುದಿಗೆ ಕೂತ. ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕತ್ತು ಹಿಂದಕ್ಕೆ ಮಾಡಿ, ತುಟಿಗೆ ತಾಗದಂತೆ ಮೇಲಕ್ಕೆ ಎತ್ತಿ ಹಿಡಿದ. ಚಿಕ್ಕಂದಿನ ರೂಢಿ, ಕೈ ತಾನೇ ಎತ್ತಿತು.

ವೀರವ್ವ ಅವನ ಮುಂಗೈ ಹಿಡಿದು ಕೆಳಗೆ ಇಳಿಸಿದಳು.

"ಕಚ್ಚಿ ಕುಡಿ."

"ಎಂಜಲಾಕ್ಕೈತ್ರಿ ಅವ್ವಾರ. ನಿಮ್ಮಪ್ಪಾರದಂತ, ಮೇಡಂ ಹೇಳ್ಯಾರ."

"ಆಗಲಿ. ಕಚ್ಚಿ ಕುಡಿ."

ಅವನು ತಂಬಿಗೆಯ ಅಂಚಿಗೆ ತುಟಿ ಹಚ್ಚಿ ಕುಡಿದ. ಒಂದೇ ಉಸಿರಿಗೆ ಅರ್ಧ ಇಳಿಯಿತು. ನೀರಡಿಕೆ ಇನ್ನೂ ಆರಿರಲಿಲ್ಲ ಅವನದು. ಅವನು ತಂಬಿಗೆ ಕೆಳಗಿಡುವುದರೊಳಗೆ ರಾಜಶ್ರೀ ಬಂದು ಅವನ ಪಕ್ಕ ಕೂತರು. ಅವರ ನೀರಿನ ಬಾಟಲಿ ಜೀಪಿನ ಸೀಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು. ಅವರು ಆ ಕಡೆ ನೋಡಲಿಲ್ಲ.

"ಅವ್ವಾರ, ನನಗೂ," ಅಂದು ಅವನ ಕೈಯಿಂದ ತಂಬಿಗೆ ತೆಗೆದುಕೊಂಡರು. "ಅದರಾಗನ ಕುಡೀತೇನಿ."